ರುಜು ಹಾಕದ ಪಂಚ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಒಂಬತ್ತೂವರೆಗೆ ಭೀಮನಬೀಡಿನ ಶಿವಲಕ್ಷ್ಮಿ ಗುಂಡ್ಲುಪೇಟೆ ಠಾಣೆಗೆ ಬಂದು, ಗಂಡನ ಆಧಾರ್ ಕಾರ್ಡನ್ನು ಇನ್ಸ್‌ಪೆಕ್ಟರ್ ಸ್ವರ್ಣಲತಾ ಅವರ ಮೇಜಿನ ಮೇಲಿಟ್ಟಳು. ನಿಂಗರಾಜು, ಅರಿಶಿನ ಪಾಲಿಶ್ ಮಿಲ್ಲಿನ ಕೆಲಸಗಾರ. ನಾಲ್ಕು ದಿನದಿಂದ ಮನೆಗೆ ಬಂದಿಲ್ಲ.

"ಮಿಲ್ಲಿನವರು ಏನಂತಾರೆ?"

"ಲೋಡ್ ಜೊತೆ ಕೇರಳಕ್ಕೆ ಓಗವ್ರೆ ಅಂತಾರೆ ಮೇಡಮ್ಮೋರೆ. ಫೋನೂ ಆಫು. ನಮ್ಮೆಜಮಾನ್ರು ಏಳ್ದೆ ಓಗೋರಲ್ಲ."

ಹೇಳದೆ ಊರು ಬಿಡುವ ಗಂಡಂದಿರನ್ನು ಸ್ವರ್ಣಲತಾ ಬೇಕಾದಷ್ಟು ಕಂಡಿದ್ದರು. ಆದರೂ ಈಕೆ ಅಳದೆ ನಿಂತಿದ್ದ ರೀತಿಗೆ ಅವರಿಗೆ ಸಂಕಟವಾಯಿತು. ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಕೇರಳಕ್ಕೆ ಲೋಡ್ ಒಯ್ದ ಮಿಲ್ಲಿನ ಲಾರಿ ಬಂಡೀಪುರ ಚೆಕ್‌ಪೋಸ್ಟಿನ ಕ್ಯಾಮೆರಾದಲ್ಲಿ ಸಿಕ್ಕಿತು. ಒಳಗೆ ಡ್ರೈವರ್ ಒಬ್ಬನೇ ಇದ್ದ. ಮಧ್ಯಾಹ್ನ ಸ್ವರ್ಣಲತಾ ಹೆಡ್ ಕಾನ್‌ಸ್ಟೇಬಲ್ ಗುರುಮಲ್ಲಯ್ಯನವರ ಜೊತೆ ಮಿಲ್ಲಿಗೆ ಹೋದರು. ಮ್ಯಾನೇಜರ್ ರಾಜಶೇಖರ್ ಕೇಳುವ ಮೊದಲೇ ಎಳನೀರು ತರಿಸಿದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡು ಅವರು ಅದನ್ನು ಮುಟ್ಟಲಿಲ್ಲ.

ಮಿಲ್ಲಿನ ತುಂಬ ಅರಿಶಿನದ ಧೂಳು. ಅರಿಶಿನ ಪಾಲಿಶ್ ಮಾಡುವ ಒಂದು ಡ್ರಮ್ಮಿನ ಕೆಳಗೆ ಮಾತ್ರ ನೆಲ ತೊಳೆದಿತ್ತು, ಅದನ್ನು ತಿರುಗಿಸುವ ಬೆಲ್ಟ್ ಹೊಸದು. ಬೆಲ್ಟಿನ ಕವರಿನ ಒಳಗೆ ಒಣಗಿದ ರಕ್ತವಿತ್ತು. ಶಿವಲಕ್ಷ್ಮಿಗೆ ಇನ್ನು ಏನು ಹೇಳಲಿ ಎಂದು ಸ್ವರ್ಣಲತಾ ಚಿಂತಿಸಿದರು.

ಪಂಚನಾಮೆ ಬರೆದಾಯಿತು. ಸಾಕ್ಷಿಗೆ ಇಬ್ಬರು ಪಂಚರು ಬೇಕಿತ್ತು. ರಸ್ತೆಯಾಚೆಯ ಟೀ ಅಂಗಡಿಯವನು ರುಜು ಹಾಕಿದ. ಅಲ್ಲೇ ಟೀ ಕುಡಿಯುತ್ತಿದ್ದ ಇನ್ನೊಬ್ಬನನ್ನು ಗುರುಮಲ್ಲಯ್ಯ ಕರೆತಂದರು. ಅವನು ಪೆನ್ನು ಹಿಡಿದವನೇ ಕೆಳಗಿಟ್ಟ.

"ಹೆಸರು?"

"ಮಾದೇಶ."

"ರುಜು ಹಾಕಪ್ಪ."

"ಆಕಂಗಿಲ್ಲ ಮೇಡಮ್ಮೋರೆ. ನಾನು ಆಸ್ಪತ್ರೇಲಿವ್ನಿ."

"ಏನ್ಲಾ, ಟೀ ಲೋಟ ಕೈಲಿಟ್ಕೊಂಡು ಆಸ್ಪತ್ರೇಲಿವ್ನಿ ಅಂತೀಯಲ್ಲ?" ಎಂದು ಗುರುಮಲ್ಲಯ್ಯ ಗದರಿದರು.

ಮಾದೇಶ ಅಳುವಂತಾದ. "ನಾನೂ ಈ ಮಿಲ್ಲಲ್ಲೇ ಕೆಲ್ಸ ಮಾಡೋದು ಸಾ. ಮ್ಯಾನೇಜ್ರು ನನ್ ಇಎಸ್‌ಐ ಕಾರ್ಡಲ್ಲಿ ನಿಂಗರಾಜಣ್ಣನ್ನ ಚಾಮರಾಜನಗರದ ಆಸ್ಪತ್ರೇಗೆ ಸೇರ್ಸ್‌ಬುಟ್ರು. ಅಣ್ಣ ಬರಗಂಟ ನೀನು ಎಲ್ಲೂ ಎಸ್ರು ಬರೀಬ್ಯಾಡ ಅಂದವ್ರೆ."

"ಬದುಕಿದ್ದಾನಾ?"

"ಅವ್ನೆ ಮೇಡಮ್ಮೋರೆ. ಮೂರು ಬೆರಳು ಓದವು."

ಸ್ವರ್ಣಲತಾ ಅವರಿಗೆ ಹೋದ ಜೀವ ಬಂದಂತಾಯಿತು. ಮೊದಲು ಫೋನ್ ಮಾಡಿದ್ದು ಶಿವಲಕ್ಷ್ಮಿಗೆ.

ರಾಜಶೇಖರ್ ಠಾಣೆಯಲ್ಲಿ ಎಲ್ಲ ಒಪ್ಪಿಕೊಂಡ. ನಿಂಗರಾಜುವನ್ನು ಇಎಸ್‌ಐಗೆ, ಅಂದರೆ ಕಾರ್ಮಿಕರ ವಿಮೆಗೆ, ಸೇರಿಸುವ ಕೆಲಸವನ್ನು ನಾಳೆ ನಾಳೆ ಎಂದು ತಳ್ಳಿದವನು ಅವನೇ. ಬೆಲ್ಟಿಗೆ ನಿಂಗರಾಜುವಿನ ಕೈ ಸಿಕ್ಕಿದಾಗ ತನ್ನ ನೌಕರಿ ಹೋಯಿತೆಂದು ಹೆದರಿದ. ರಕ್ತ ಸುರಿಸುತ್ತಿದ್ದವನನ್ನು ಹಾಗೇ ಬಿಡಲೂ ಮನಸ್ಸು ಬರಲಿಲ್ಲ. ಆಸ್ಪತ್ರೆಯಲ್ಲಿ ಮಾದೇಶನ ಕಾರ್ಡ್ ತೋರಿಸಿದ, ನಿಜ ಹೊರಬೀಳದಿರಲೆಂದು ನಿಂಗರಾಜುವಿನ ಫೋನ್ ಕಿತ್ತುಕೊಂಡ.

ಸ್ವರ್ಣಲತಾ ಇಎಸ್‌ಐ ಅಧಿಕಾರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಹೆಸರು ಸೇರಿಸದಿದ್ದರೂ ಕೆಲಸಕ್ಕೆ ಸೇರಿದ ದಿನದಿಂದಲೇ ಅವರಿಗೆ ರಕ್ಷಣೆ ಇದೆ ಮೇಡಂ. ಚಿಕಿತ್ಸೆ ನಮ್ಮದು, ಬೆರಳು ಹೋಗಿದ್ದಕ್ಕೆ ಜೀವನಪೂರ್ತಿ ಪಿಂಚಣಿ. ಖರ್ಚನ್ನು ಮಾಲೀಕರಿಂದ ವಸೂಲಿ ಮಾಡ್ತೀವಿ. ಆದರೆ ದಾಖಲೆಯಲ್ಲಿ ನಿಂಗರಾಜುವೇ ಇರಬೇಕು."

ರಾಜಶೇಖರ್ ತಲೆಯೆತ್ತಿದ. "ನಿಜ ಹೇಳಿದ್ರೂ ನಡೀತಿತ್ತಾ ಮೇಡಂ?"

"ನಡೀತಿತ್ತು."

ವಂಚನೆ ಮತ್ತು ಸಾಕ್ಷ್ಯನಾಶದ ಆರೋಪದಡಿ ಸಂಜೆ ಐದಕ್ಕೆ ರಾಜಶೇಖರನನ್ನು ಬಂಧಿಸಲಾಯಿತು.

ಆರೂವರೆಗೆ ಸ್ವರ್ಣಲತಾ ಶಿವಲಕ್ಷ್ಮಿಯನ್ನು ಚಾಮರಾಜನಗರದ ಆ ಆಸ್ಪತ್ರೆಗೆ ಕರೆದೊಯ್ದರು. ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದು ಕೇಳಿದಳು: "ಯಾರನ್ನ ನೋಡ್ಬೇಕಮ್ಮ? ಮಾದೇಶ್ ಅವರನ್ನಾ?"

ಮದುವೆಯಾದಾಗಿನಿಂದ ಶಿವಲಕ್ಷ್ಮಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ.

"ಅಲ್ಲ ಕಣಮ್ಮಿ, ನಿಂಗರಾಜು!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. "ನಮ್ಮೆಜಮಾನ್ರು, ನಿಂಗರಾಜು!"

ಮೂಲೆಯ ಹಾಸಿಗೆಯಿಂದ ಒಬ್ಬ "ಊ, ಇಲ್ಲಿವ್ನಿ" ಎಂದ.