ಈಗಷ್ಟ ಬಂದೇನಿ

ತೀರಿಹೋದ ಗಂಡನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೋದ ಮರುದಿನ, ಹಾಲು ಎಂದಿನ ಹೊತ್ತಿಗೇ ಬಂತು. ಪೇಪರ್ ಬಂತು. ನಳದಲ್ಲಿ ನೀರೂ ಬಂತು. ನಾನು ಕೊಡ ತುಂಬಿದೆ, ಕಸ ಹೊಡೆದೆ, ಕಾಲೇಜಿಗೆ ಹೋಗುವವಳಂತೆ ತಲೆ ಬಾಚಿಕೊಂಡೆ. ರಜೆ ಇನ್ನೂ ನಾಲ್ಕು ದಿನ ಇತ್ತು.

ಬಾಗಿಲ ಹಿಂದೆ ಸ್ಟೂಲು ಇತ್ತು. ಕಬ್ಬಿಣದ ಕಾಲು, ಖಾಕಿ ಕ್ಯಾನ್ವಾಸು, ಮಡಚಿದರೆ ಬಗಲಲ್ಲಿ ಹಿಡಿಯುವಷ್ಟು. ಕಸಬರಿಗೆ ಅದರ ಹತ್ತಿರ ಹೋಗಿ ವಾಪಸು ಬಂತು.

"ಕಾವ್ಯಾ, ಅದು ಬಬಲೇಶ್ವರದ ಖಂಡಪ್ಪಂದಲ್ಲೇನು?" ಅತ್ತೆ ಕೇಳಿದರು.

"ಹೂಂರಿ ಅತ್ತಿ."

"ಕಡಾ ತಂದದ್ದು ಹೋದವರ ಹೆಸರಿಲೆ ಮನ್ಯಾಗ ಉಳೀಬಾರದು. ಇವತ್ತ ಕೊಟ್ಟು ಬಾ."

"ಯಾರ ಕೈಯಾಗರ ಕಳಸೂಣ್ರಿ."

"ಅವನ ಹೇಂತಿ ನೀ. ನೀನ ಹೋಗಬೇಕು."

ಆ ಸ್ಟೂಲನ್ನು ಮುಟ್ಟಲು ನನಗೆ ಯಾಕೆ ಆಗುತ್ತಿಲ್ಲ ಎಂದು ಅತ್ತೆಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ನನ್ನ ಗಂಡ ಸಿದ್ದಲಿಂಗೇಶನಿಗೆ ಓದುವ ವಯಸ್ಸಿನಲ್ಲಿ ಟಿಬಿ ಬಂದು ವಾಸಿಯಾಗಿತ್ತು. ಆದರೆ ಶ್ವಾಸಕೋಶದಲ್ಲಿ ಅದರ ಕಲೆ ಉಳಿದಿತ್ತು. ಆಮೇಲೆ ಹತ್ತು ವರ್ಷ ಕಳ್ಳಕವಟಗಿ ಊರಿನ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ. ದ್ರಾಕ್ಷಿಗೆ ಹಳದಿ ಬಣ್ಣ ಬರಲೆಂದು ಸುಡುವ ಗಂಧಕದ ಹೊಗೆ. ಮದುವೆಯಾದ ಎರಡನೆಯ ವರ್ಷ ವಿಜಯಪುರದ ಡಾಕ್ಟರು ಅವನ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಬುಧವಾರದ ಕ್ಲಾಸಿಗೆ ಹೋಗಿರೆಂದರು. ಅದು ದಮ್ಮಿನ ರೋಗಿಗಳ ಕ್ಲಾಸು. ಮನೆಯವರೂ ಜೊತೆಗೆ ಬರಬೇಕು.

ನಾನು ಒಂದೇ ಒಂದು ಬುಧವಾರ ಹೋಗಿದ್ದೆ.

"ಈ ದಮ್ಮು ಪೂರಾ ಹೋಗೂದಿಲ್ಲ," ಎಂದು ಸುಧಾರಾಣಿ ಸಿಸ್ಟರ್ ಶುರು ಮಾಡಿದರು. "ಇದರ ಜೋಡಿ ಸಂಸಾರ ಮಾಡೂದು ಕಲೀಬೇಕು."

"ನನಗ ಈಗಾಗಲೇ ಒಂದು ಸಂಸಾರ ಐತ್ರಿ ಸಿಸ್ಟರ್," ಎಂದ ಸಿದ್ದಲಿಂಗೇಶ ನನ್ನ ಕಡೆ ಓರೆಗಣ್ಣಿನಿಂದ ನೋಡುತ್ತ.

"ಅಕಿಕಿಂತ ಇದು ಸೌಮ್ಯ ಐತೇಳ್ರಿ," ಎಂದರು ಹಿಂದಿನ ಸಾಲಿನ ಮುದುಕರೊಬ್ಬರು. ಅವರೇ ಖಂಡಪ್ಪ, ರಿಟೈರ್ಡ್ ಕಂಡಕ್ಟರ್. ಎಲ್ಲರೂ ನಕ್ಕರು. ಅರ್ಧ ಜನರಿಗೆ ನಗುವಿನ ಬೆನ್ನಿಗೇ ಕೆಮ್ಮು ಬಂತು.

ಅವತ್ತು ಸಿಸ್ಟರ್ ಹೇಳಿಕೊಟ್ಟಿದ್ದು ಎಲ್ಲ ನೆನಪಿದೆ. ಇನ್ಹೇಲರ್ ಪಂಪ್ ಹೊಡೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಹೊಗೆ ಇರುವಲ್ಲಿ ನಿಲ್ಲಬಾರದು. ದಮ್ಮು ಹತ್ತಿದ ಮೇಲೆ ಕೂಡುವುದಲ್ಲ, ಹತ್ತುವ ಮೊದಲೇ ಕೂಡಬೇಕು. "ಮೂಗಿನಿಂದ ಉಸಿರು ತಗೋರಿ. ಬಶಿಯಾಗಿನ ಬಿಸಿ ಚಾ ಊದಿದಂಗ ತುಟಿ ಮಾಡಿ ಮೆಲ್ಲಕ ಬಿಡ್ರಿ. ತಗೊಳ್ಳೂದಕ್ಕಿಂತ ಬಿಡೂದು ಉದ್ದ ಇರಬೇಕು."

ಮನೆಯಲ್ಲಿ ಅವನು ಕಪ್ಪು ಬದಿಗಿಟ್ಟು ಬಶಿ ಹಿಡಿದು ನನ್ನ ಎದುರೇ ಕೂತು ಅದನ್ನು ಕಲಿತ.

"ಹಂಗ ನನ್ನ ಮಾರಿ ನೋಡಿ ತುಟಿ ಮಾಡಬ್ಯಾಡ್ರಿ."

"ಪ್ರಾಕ್ಟೀಸ್ ಮಾಡಾಕತ್ತೇನ್ರಿ ಮೇಡಂ."

"ಚಾ ನೋಡಿಕೋತ ಮಾಡ್ರಿ."

"ಚಾ ಆರತೈತಿ. ನೀವು ಆರೂದಿಲ್ಲ."

ನನಗೆ ಮುಖ ಬಿಸಿಯಾಗುತ್ತಿತ್ತು. ಅಡುಗೆಮನೆಯಿಂದ ಅತ್ತೆ ಕೆಮ್ಮುತ್ತಿದ್ದರು. ಅವರಿಗೆ ಯಾವ ರೋಗವೂ ಇರಲಿಲ್ಲ.

ಮುಂದಿನ ಬುಧವಾರಗಳಲ್ಲಿ ನನಗೆ ಕ್ಲಾಸುಗಳಿದ್ದವು, ಪರೀಕ್ಷೆ ಇತ್ತು, ಪೇಪರ್ ತಿದ್ದುವುದಿತ್ತು. ಅವನು ಒಬ್ಬನೇ ಹೋಗಿಬಂದ. ಒಂದು ದಿನ ಬರುವಾಗ ಬಗಲಲ್ಲಿ ಈ ಸ್ಟೂಲು ಇತ್ತು. "ಖಂಡಪ್ಪ ಕಾಕಾರ ಕಡೆ ಕಡಾ ತಂದೇನಿ," ಎಂದ. "ನಿಮ್ಮ ಬಸ್ಸು ಕಾಯಾಕ ಬೇಕಲ್ಲ."

ಅವತ್ತಿನಿಂದ ದಿನಾ ಸಂಜೆ ಐದೂ ನಲವತ್ತರ ಬಸ್ಸಿನಿಂದ ನಾನು ಕಾಲೇಜು ಮುಗಿಸಿ ನಮ್ಮೂರು ತಿಕೋಟಾದಲ್ಲಿ ಇಳಿಯುವಾಗ, ಅವನು ಬಸ್‌ಸ್ಟ್ಯಾಂಡಿನ ಗೋಡೆಗೆ ಆನಿಸಿಟ್ಟ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದ. ಅಂಗಿಯ ಇಸ್ತ್ರಿ ಮುರಿದಿರುತ್ತಿರಲಿಲ್ಲ. ಬಸ್ಸಿನ ಪಾವಟಿಗೆಯ ಮೇಲೆ ನಾನು ಕಾಲಿಡುವುದಕ್ಕೂ ಅವನು ಕತ್ತೆತ್ತುವುದಕ್ಕೂ ಸರಿಹೋಗುತ್ತಿತ್ತು.

"ಎಷ್ಟೊತ್ತಾತು ಬಂದು?"

"ಈಗಷ್ಟ ಬಂದೇನಿ."

ದನಿಯಲ್ಲಿ ಏದುಸಿರು ಇರುತ್ತಿರಲಿಲ್ಲ. ವಾಪಸು ಹೋಗಲು ಮಾತ್ರ ಆಟೋ ಕರೆಯುತ್ತಿದ್ದ. "ಹತ್ತು ನಿಮಿಷದ ದಾರಿಗೆ ಆಟೋ ಯಾಕ್ರಿ?" ಎಂದರೆ, "ನೀವು ದಣಿದೀರಿ," ಎನ್ನುತ್ತಿದ್ದ. ಆ ಮಾತಿಗೆ ನಾನು ಹಿಗ್ಗುತ್ತಿದ್ದೆ.

ಮನೆಯಲ್ಲಿ ಮಹಡಿಯ ಮೆಟ್ಟಿಲು ಹತ್ತುವಾಗ ಅವನು ನಡುವೆ ನಿಲ್ಲುತ್ತಿದ್ದ. ಬಸ್‌ಸ್ಟ್ಯಾಂಡಿಗೆ ನಡೆದು ಬರುವವನಿಗೆ ಹದಿನಾಲ್ಕು ಮೆಟ್ಟಿಲು ಏನು ಮಹಾ ಎಂದು ನನ್ನ ಮನಸ್ಸು ಒಳಗೇ ಲೆಕ್ಕ ಹಾಕುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಒಂದು ದಿನದವರೆಗೆ.

ಅದು ನನ್ನ ತಮ್ಮ ಸಂಗುವಿನ ಮದುವೆ. ಸೊಲ್ಲಾಪುರ ರಸ್ತೆಯ ಮಂಗಲ ಕಾರ್ಯಾಲಯಕ್ಕೆ ವರನ ಮೆರವಣಿಗೆ ಹೊರಡಬೇಕಿತ್ತು. ಸಿದ್ದಲಿಂಗೇಶ ರೇಷ್ಮೆ ಅಂಗಿ ತೊಟ್ಟು, ಬಗಲಲ್ಲಿ ಸ್ಟೂಲು ಹಿಡಿದು ಬಂದ. ನನ್ನ ಚಿಕ್ಕಮ್ಮನ ಮಕ್ಕಳು ಮೊಬೈಲ್ ಎತ್ತಿ ಕಿಸಕ್ಕನೆ ನಕ್ಕರು.

"ಇವತ್ತೊಂದ ದಿನ ಅದನ್ನ ಬಿಡ್ರಿ," ಎಂದೆ. "ಎಲ್ಲಾ ಫೋಟೋದಾಗ ಅದ ಬರತೈತಿ. ದಿನಾ ಬಸ್‌ಸ್ಟ್ಯಾಂಡಿಗೆ ನಡಕೊಂಡ ಬರಾಕ ಆಗತೈತಿ, ನನ್ನ ತಮ್ಮನ ಮೆರವಣಿಗ್ಯಾಗ ನಾಕ ಹೆಜ್ಜಿ ಹಾಕಾಕ ಆಗೂದಿಲ್ಲೇನು?"

ಅವನು ನನ್ನನ್ನೇ ನೋಡಿದ. ಸ್ಟೂಲನ್ನು ಬಗಲಿನಿಂದ ಇಳಿಸಿ ಗೋಡೆಗೆ ಆನಿಸಿಟ್ಟ.

"ಆಗತೈತಿ ಬಿಡ್ರಿ ಮೇಡಂ. ಸ್ಟೂಲಿಗೂ ಒಂದಿನ ಸೂಟಿ ಕೊಡೂಣು."

ಬ್ಯಾಂಡು, ಪಟಾಕಿ, ಹೊಗೆ, ಧೂಳು. ಕಾರ್ಯಾಲಯ ಮುಟ್ಟಲು ಒಂದು ತಾಸು ಹಿಡಿಯಿತು. ಎಲ್ಲ ಫೋಟೋಗಳಲ್ಲಿ ಅವನು ನಿಂತಿದ್ದಾನೆ, ನಗುತ್ತಿದ್ದಾನೆ. ಈಗ ದೊಡ್ಡದು ಮಾಡಿ ನೋಡಿದರೆ, ತುಟಿ ಚಹಾ ಊದುವ ಹಾಗೆ ಇದೆ.

ಮರುದಿನ ಜ್ವರ. ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಸೋಂಕು ಮೊದಲೇ ಒಳಗಿದ್ದಿರಬಹುದು, ಮೆರವಣಿಗೆಯೇ ಕಾರಣ ಅಂತ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ನಾನು ತಲೆಯಾಡಿಸಿದೆ.

ಅತ್ತೆ ಹೇಳಿದಂತೆ ಆ ದಿನವೇ ಸ್ಟೂಲು ಬಗಲಲ್ಲಿಟ್ಟುಕೊಂಡು ಮನೆಯಿಂದ ಹೊರಟೆ. ಹಿಂದಿನ ಓಣಿಯ ತಿರುವಿನಲ್ಲಿ ಸೈಕಲ್ ರಿಪೇರಿಯ ಬುಡ್ಡೇಸಾಬರು ಪಂಪು ಬಿಟ್ಟು ಎದ್ದು ನಿಂತರು. ಕಣ್ಣು ಸ್ಟೂಲಿನ ಮೇಲಿತ್ತು.

"ಕೊಡಾಕ ಹೊಂಟೀರೇನ್ರಿ ಬಾಯಾರ?"

"ಹೂಂರಿ."

"ಇಲ್ಲೇ ಹಾಕ್ಕೊಂಡು ಕೂಡತಿದ್ರು ಅವರು. ಇದು ಮೊದಲನೇ ಸ್ಟಾಪು. ಆಮ್ಯಾಲ ಆ ಬೇವಿನ ಗಿಡದ ಬುಡಕ, ಆಮ್ಯಾಲ ಝೆರಾಕ್ಸ್ ಅಂಗಡಿ ಮುಂದ. ಐದಕ್ಕ ಇಲ್ಲಿ ಬಂದರ ಐದೂವರಿಗೆ ಸ್ಟ್ಯಾಂಡ್ ಮುಟ್ಟತಿದ್ರು. ಗಾಡಿ ಮ್ಯಾಲ ಬಿಡತೀನ್ರಿ ಅಂದರ ಒಲ್ಲೆ ಅಂತಿದ್ರು. 'ನಡೀಬೇಕು ಅಂತ ಸಿಸ್ಟರ್ ಹೇಳ್ಯಾರ ಸಾಬ್ರ, ಆದರ ಕೂತು ಕೂತು ನಡೀಬೇಕು,' ಅಂತ."

ನಾನು ಬೇವಿನ ಗಿಡದ ಬುಡದಲ್ಲಿ ನಿಂತೆ. ಮಣ್ಣಿನಲ್ಲಿ ಸ್ಟೂಲಿನ ಕಾಲು ಊರಿದ ಕುಳಿಗಳಿದ್ದವು. ಝೆರಾಕ್ಸ್ ಅಂಗಡಿಯ ಮುಂದೆ ನಿಲ್ಲಲು ಆಗಲಿಲ್ಲ. ಮನೆಯಿಂದ ಸ್ಟ್ಯಾಂಡಿಗೆ ನನಗೆ ಹಿಡಿದಿದ್ದು ಎಂಟು ನಿಮಿಷ.

ವಿಜಯಪುರದಲ್ಲಿ ಬಸ್ಸು ಬದಲಿಸಿ ಬಬಲೇಶ್ವರ ಮುಟ್ಟಿದಾಗ ಹನ್ನೊಂದಾಗಿತ್ತು. ಖಂಡಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ, ಮೊಣಕಾಲಿಗೆ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ಉಸಿರಿಗಾಗಿ ಹಾಗೆ ಕೂಡುವ ಆ ರೀತಿ ನನಗೆ ಪರಿಚಿತ.

"ಬಾರವ್ವಾ. ಫ್ರೀ ಟಿಕೆಟ್ನ್ಯಾಗ ಬಂದಿ ಹೌದಿಲ್ಲೋ? ನಾ ಕಂಡಕ್ಟರ್ ಇದ್ದಾಗ ಚಿಲ್ಲರಿ ಕೇಳಿ ಕೇಳೇ ನನ್ನ ದಮ್ಮು ಹೋತು."

ನಗಬೇಕಿತ್ತು. ಸ್ಟೂಲು ಮುಂದೆ ಚಾಚಿದೆ. ಅವರು ತಕ್ಷಣ ತೆಗೆದುಕೊಳ್ಳಲಿಲ್ಲ.

"ಕಾಕಾ, ಮೆರವಣಿಗಿ ದಿನ ಇದನ್ನ ಬಿಟ್ಟು ಬರ್ರಿ ಅಂದಾಕಿ ನಾನ. ಮಂದಿ ನಗತಾರ ಅಂತ. ಅವರು ಒಂದು ತಾಸು ಎಲ್ಲೂ ಕೂಡದ ನಡದರು." ಮೊದಲ ಬಾರಿಗೆ ಆ ಮಾತು ನನ್ನ ಬಾಯಿಂದ ಹೊರಬಂದಿತ್ತು. ದನಿ ಪಾಠ ಒಪ್ಪಿಸುವ ಹಾಗಿತ್ತು.

ಖಂಡಪ್ಪ ತುಟಿ ಕೂಡಿಸಿ ಉದ್ದಕ್ಕೆ ಉಸಿರು ಬಿಟ್ಟರು.

"ಅಂದೀ. ನಿಂದೇನೂ ತಪ್ಪಿಲ್ಲ ಅಂತ ನಾ ಹೇಳಿದರ ನೀ ನಂಬೂದಿಲ್ಲ. ಅದಕ್ಕ ಹೇಳೂದಿಲ್ಲ." ಮತ್ತೊಂದು ಉಸಿರು. "ಆದರ ಅವಂದೊಂದು ಮಾತು ಐತಿ, ಕೇಳು. ಪ್ರತಿ ಬುಧವಾರ ಸಿಸ್ಟರ್ ಕೇಳತಿದ್ರು. ಎಷ್ಟು ನಡೀತೀರಿ, ಎಲ್ಲೆಲ್ಲಿ ಕೂಡತೀರಿ, ಮನ್ಯಾಗ ಹೇಳೀರೇನು ಅಂತ. ನಾವೆಲ್ಲಾ ಹೇಳೇವ್ರಿ ಅಂತಿದ್ದಿವಿ. ಇಂವ ಒಬ್ಬ, ಇಲ್ರಿ ಅಂತಿದ್ದ."

"ಯಾಕಂತ್ರಿ?"

"ಸಿಸ್ಟರ್ ಬೈದರು. ಹೇಳಲಿಲ್ಲಂದ್ರ ಅವರಿಗೆ ಹೆಂಗ ಗೊತ್ತಾಗಬೇಕೋ, ಇದ ಮೊದಲನೇ ಪಾಠ ಅಂತ. ಅದಕ್ಕ ಇಂವ ಏನಂದ ಗೊತ್ತೇನು? 'ನಮ್ಮಾಕಿ ಬಸ್ಸಿಳಿಯುವಾಗ ಮೊದಲ ನನ್ನ ಮಾರಿ ನೋಡತಾಳ್ರಿ. ಒಮ್ಮೆ ಅಕಿ ಕಣ್ಣು ನನ್ನ ಎದಿ ಮ್ಯಾಲ ಹೋತಂದ್ರ, ತಿರುಗಿ ಮಾರಿ ಮ್ಯಾಲ ಬರೂದಿಲ್ಲ. ಅದೊಂದು ಇರಲಿ ಬಿಡ್ರಿ ನನಗ.' ನಾವು ಯಾರೂ ನಗಲಿಲ್ಲವ್ವಾ ಅವತ್ತ."

ಓಣಿಯಲ್ಲಿ ಯಾರದೋ ಟ್ರ್ಯಾಕ್ಟರ್ ಹೋಯಿತು. ನಾನು ನಿಂತೇ ಇದ್ದೆ.

ಖಂಡಪ್ಪ ನನ್ನ ಕೈಯಿಂದ ಸ್ಟೂಲು ತೆಗೆದುಕೊಂಡು ಬಿಚ್ಚಿ ನೆಲದ ಮೇಲಿಟ್ಟರು. "ಕೂಡು."

"ಬ್ಯಾಡ್ರಿ ಕಾಕಾ. ನನಗೇನೂ ಆಗಿಲ್ಲ."

"ಆಗೂಕಿಂತ ಮೊದಲ ಕೂಡಬೇಕು."

ಕೂತೆ. ಇಷ್ಟು ದಿನದಲ್ಲಿ ಅದರ ಮೇಲೆ ನಾನು ಕೂತಿದ್ದು ಅದೇ ಮೊದಲು. ಕ್ಯಾನ್ವಾಸು ಎಡಕ್ಕೆ ಜೋತು ಬಿದ್ದಿತ್ತು. ಅವನು ಗೋಡೆಗೆ ಆನಿಕೊಂಡು ಕೂಡುತ್ತಿದ್ದದ್ದು ಎಡಕ್ಕೇ. ಅಷ್ಟು ಕೆಳಗಿನಿಂದ ನೋಡಿದರೆ ಎದುರು ನಿಂತವರ ಮುಖ ಕಾಣಲು ಕತ್ತು ಪೂರಾ ಎತ್ತಬೇಕು. ದಿನಾ ಸಂಜೆ ಅವನು ನನ್ನನ್ನು ನೋಡಿದ್ದು ಇಲ್ಲಿಂದ.

ಖಂಡಪ್ಪನವರ ಹೆಂಡತಿ ಸೋನಾಬಾಯಿ ಚಹಾ ತಂದು ಬಶಿಗೆ ಸುರಿದು ಕೊಟ್ಟರು. ಊದಿದೆ. ತುಟಿ ನಿಲ್ಲಲಿಲ್ಲ. ಹದಿಮೂರು ದಿನ ಬರದಿದ್ದ ಅಳು ಆಗ ಬಂತು. ಮುದುಕರು ಇಬ್ಬರೂ ಓಣಿಯ ಕಡೆ ನೋಡುತ್ತ ಕೂತರು. ಯಾರೂ ಸುಮ್ಮನಿರು ಎನ್ನಲಿಲ್ಲ.

ಚಹಾ ಆರಿದ ಮೇಲೆ ಕುಡಿದೆ. ಎದ್ದು, ಸ್ಟೂಲಿನ ಕಾಲಿಗಂಟಿದ ಬೇವಿನ ಬುಡದ ಮಣ್ಣನ್ನು ಸೆರಗಿನಿಂದ ಒರೆಸಿ, ಮಡಚಿ, ಎರಡೂ ಕೈಯಿಂದ ಖಂಡಪ್ಪನವರಿಗೆ ಕೊಟ್ಟೆ.

"ತಪ್ಪಾತ್ರಿ," ಎಂದೆ.

ಯಾರಿಗೆ ಎಂದು ಅವರು ಕೇಳಲಿಲ್ಲ. ಸ್ಟೂಲನ್ನು ತೆಗೆದುಕೊಂಡು ಬಗಲಲ್ಲಿಟ್ಟುಕೊಂಡರು.