ತಣ್ಣನೆಯ ಅಲೆಗೆ ಹೊರಟವನು

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸಿರುಗುಪ್ಪ ಠಾಣೆಗೆ ದೂರು ಬಂತು. ದೂರು ತಂದವಳು ಬಳ್ಳಾರಿಯ ಹೈಸ್ಕೂಲು ಶಿಕ್ಷಕಿ ಶ್ರೀಕೃತಿ. ಆಕೆಯ ಗಂಡ ಸುಶಮೀಂದ್ರ ಭಾನುವಾರ ಮುಂಜಾನೆ ಸರ್ಫಿಂಗ್ ಹಲಗೆಯನ್ನು ಕಾರಿನ ಮೇಲೆ ಕಟ್ಟಿಕೊಂಡು ತುಂಗಭದ್ರೆಗೆ ಅಭ್ಯಾಸಕ್ಕೆ ಹೋದವನು ಮರಳಿರಲಿಲ್ಲ. ಫೋನ್ ಬಂದ್. ಕಾರು ಹೊಳೆ ದಂಡೆಯಲ್ಲಿ ನಿಂತಿತ್ತು, ಹಲಗೆ ಜೊಂಡಿನಲ್ಲಿ ಸಿಕ್ಕಿಕೊಂಡು ತೇಲುತ್ತಿತ್ತು.

ಹಲಗೆಯ ಮೇಲೆ ನಿಂತು ಕಡಲ ಅಲೆ ಸವಾರಿ ಮಾಡುವ ಸರ್ಫಿಂಗ್ ಅನ್ನು ಪಿಎಸ್‌ಐ ಚನ್ನಬಸವರಾಜ ಟಿವಿಯಲ್ಲಿ ಕಂಡಿದ್ದನಷ್ಟೆ. ಆಕೆಯೇ ಬಿಡಿಸಿ ಹೇಳಿದಳು. ಸುಶಮೀಂದ್ರ ಮತ್ತು ಬಾದನಹಟ್ಟಿಯ ಗೆಳೆಯ ಹುಲುಗೇಶ ರಜೆ ಸಿಕ್ಕಾಗಲೆಲ್ಲ ಕರಾವಳಿಯ ಮುಲ್ಕಿಗೆ ಹೋಗಿ ಕಲಿತವರು. ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ, ನೀರೊಳಗಿನ ಬಂಡೆಯ ಮೇಲೆ ಎದ್ದು ಮುರಿಯುವ ಒಂದು ಅಲೆಯ ಹುಚ್ಚು ಇಬ್ಬರಿಗೂ ಹಿಡಿದಿತ್ತು. ಅಲ್ಲಿನ ಕಡಲು ಮೈ ಮರಗಟ್ಟಿಸುವಷ್ಟು ತಣ್ಣಗೆ. ದಪ್ಪ ರಬ್ಬರ್ ಉಡುಪು ತರಿಸಿಕೊಂಡಿದ್ದರು, ಉಬ್ಬರವಿಳಿತ ನೋಡಿ ದಿನ ಗೊತ್ತು ಮಾಡಿದ್ದರು. ಹುಲುಗೇಶನ ಹೊಲದ ಸಿಮೆಂಟ್ ತೊಟ್ಟಿಗೆ ಐಸ್ ಸುರಿದು, ಕುತ್ತಿಗೆವರೆಗೆ ಮುಳುಗಿ ಕೂತು ಮೈಗೆ ಚಳಿ ರೂಢಿ ಮಾಡಿಸುತ್ತಿದ್ದರು. ಕೊನೆಗೆ ಹುಲುಗೇಶನಿಗೆ ವೀಸಾ ಸಿಗಲಿಲ್ಲ. ಸುಶಮೀಂದ್ರ ಒಬ್ಬನೇ ಹೊರಡಲು ಸಿದ್ಧನಾಗಿದ್ದ. ವಿಮಾನ ಬುಧವಾರಕ್ಕಿತ್ತು.

ನಾಪತ್ತೆ ಎಂದು ಎಫ್‌ಐಆರ್ ದಾಖಲಾಯಿತು. ಅಗ್ನಿಶಾಮಕ ದಳದವರು ಹೊಳೆಗೆ ದೋಣಿ ಇಳಿಸಿದರು. ದಂಡೆಯಲ್ಲಿ ಹಲಗೆಯ ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಚೈತ್ರಾ, ಹಲಗೆಯ ತುದಿಗೆ ಬಿಗಿಯಾಗಿ ಸುತ್ತಿದ್ದ ಹಗ್ಗ ಯಾಕೆಂದು ಶ್ರೀಕೃತಿಯನ್ನು ಕೇಳಿದಳು. ಅದು ಕಾಲಿಗೆ ಕಟ್ಟಿಕೊಳ್ಳುವ ಹಗ್ಗ, ಅದನ್ನು ಕಟ್ಟದೆ ಅವನು ಮೊಣಕಾಲುದ್ದ ನೀರಿಗೂ ಇಳಿಯುವವನಲ್ಲ ಎಂದಳು ಆಕೆ. ಚೈತ್ರಾ ಪೆನ್ನು ನಿಲ್ಲಿಸಿ ಪಿಎಸ್‌ಐ ಮುಖ ನೋಡಿದಳು. ಹಗ್ಗ ಬಿಚ್ಚಿಯೇ ಇಲ್ಲವೆಂದರೆ ಸುಶಮೀಂದ್ರ ನೀರಿಗೆ ಇಳಿದಿರಲಿಲ್ಲ. ಹಲಗೆಯನ್ನು ಯಾರೋ ಹೊಳೆಗೆ ನೂಕಿದ್ದರು.

ಮೀನುಗಾರರ ನಡುವೆ ಹುಲುಗೇಶನೂ ನಿಂತಿದ್ದ. ಚನ್ನಬಸವರಾಜ ಅವನನ್ನು ಪಕ್ಕಕ್ಕೆ ಕರೆದ.

"ಅವನ್ನ ಕೊನಿಗೆ ಯಾವಾಗ ನೋಡಿದಿ?"

"ಗುರುವಾರ ರೀ."

"ನಿನಗ ಈಜಾಕ ಬರ್ತೈತಿ?"

"ಬರ್ತೈತ್ರಿ."

"ಬೆಳಿಗ್ಗಿಂದ ನಿನ್ನ ಗೆಳೆಯನ್ನ ಹುಡುಕಾಕ ಹತ್ಯಾರ. ನೀ ಒಮ್ಮಿನೂ ನೀರಿಗೆ ಇಳೀಲಿಲ್ಲ."

ಹುಲುಗೇಶ ಹನಿ ನೀರೂ ತಾಗದ ತನ್ನ ಪ್ಯಾಂಟಿನತ್ತ ನೋಡಿದ. "ಧೈರ್ಯ ಆಗ್ಲಿಲ್ರಿ," ಎಂದ.

ಗೆಳೆಯ ಹೊಳೆಯಲ್ಲಿಲ್ಲವೆಂದು ಇವನಿಗೆ ಗೊತ್ತಿದೆ ಎನಿಸಿದರೂ ಚನ್ನಬಸವರಾಜ ಅವನನ್ನು ಹೋಗಗೊಟ್ಟ. ಅಲ್ಲೇ ಹಿಡಿದರೆ ಇವನು ಬಾಯಿ ಬಿಡದೇ ಹೋಗಬಹುದಿತ್ತು. ಅಷ್ಟರೊಳಗೆ ಎಲ್ಲೋ ಬಿದ್ದಿರುವ ಇನ್ನೊಬ್ಬನ ಗತಿ ಏನು ಎಂಬುದೇ ಚನ್ನಬಸವರಾಜನ ಆತಂಕ. ಚೈತ್ರಾ ಮಫ್ತಿಯಲ್ಲಿ ಸ್ಕೂಟಿ ಮೇಲೆ ಬೆನ್ನು ಹತ್ತಿದಳು. ಮಧ್ಯಾಹ್ನ ಮೂರರ ಸುಮಾರಿಗೆ ಆಕೆಯ ಫೋನ್ ಬಂತು: ಹುಲುಗೇಶ ಚಿತ್ರಾನ್ನದ ಪಾರ್ಸಲ್ಲು, ನೀರಿನ ಬಾಟಲಿ ತೆಗೆದುಕೊಂಡಿದ್ದ, ಊರ ಕಡೆ ತಿರುಗದೆ ಕುರುಗೋಡಿನ ಗುಡ್ಡದ ದಾರಿ ಹಿಡಿದಿದ್ದ.

ಗುಡ್ಡದ ಹಿಂದೆ, ಮುಚ್ಚಿಹೋದ ಕಲ್ಲು ಕ್ವಾರಿಯ ಉಗ್ರಾಣ. ಜೀಪನ್ನು ದೂರವೇ ನಿಲ್ಲಿಸಿ ನಡೆದು ಬಂದಾಗ ಹುಲುಗೇಶ ಬಾಗಿಲ ಮುಂದೆ ನಿಂತು "ಸುಶೀ, ಲೇ ಸುಶೀ" ಎಂದು ಕರೆಯುತ್ತಿದ್ದ. ಒಳಗಿಂದ ಯಾರೂ ಓಗೊಡಲಿಲ್ಲ. ಪೊಲೀಸರನ್ನು ಕಂಡರೂ ಅವನು ಓಡಲಿಲ್ಲ. ಕೀಲಿಯನ್ನು ಬೀಗಕ್ಕೆ ತಲೆಕೆಳಗಾಗಿ ತುರುಕುತ್ತಿದ್ದ. ಚನ್ನಬಸವರಾಜ ಕಸಿದುಕೊಂಡು ತೆಗೆದ.

ಸುಶಮೀಂದ್ರ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದ. ಕೈಕಾಲು ಸೆಟೆದಿದ್ದವು, ಬಾಯಲ್ಲಿ ನೊರೆ. ಹುಲುಗೇಶ ಎಲ್ಲರನ್ನೂ ತಳ್ಳಿಕೊಂಡು ಒಳನುಗ್ಗಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆ ಕಲ್ಲಿಗೆ ಬಡಿಯದಂತೆ ಅಂಗೈ ಕೊಟ್ಟು ಕೂತ.

"ತಡೀರಿ, ನಿಲ್ತೈತಿ," ಎಂದ.

ಸ್ವಲ್ಪ ಹೊತ್ತಿಗೆ ನಿಂತಿತು. ಸುಶಮೀಂದ್ರನನ್ನು ಬಳ್ಳಾರಿಯ ಆಸ್ಪತ್ರೆಗೆ ಸಾಗಿಸಿದರು. ಪ್ರಕರಣಕ್ಕೆ ಅಪಹರಣ, ಅಕ್ರಮ ಬಂಧನದ ಕಲಂಗಳು ಸೇರಿದವು.

ಹುಲುಗೇಶ ಏನನ್ನೂ ಮುಚ್ಚಿಡದೆ ಹೇಳಿಕೆ ಕೊಟ್ಟ. ಐಸ್ ತೊಟ್ಟಿಯಲ್ಲಿ ಸುಶಮೀಂದ್ರನಿಗೆ ಎರಡು ಸಲ ಹೀಗೇ ಮೂರ್ಛೆ ಬಂದಿತ್ತು. ಯಾರಿಗೂ ಹೇಳಬೇಡವೆಂದು ಅವನು ಆಣೆ ಹಾಕಿಸಿಕೊಂಡಿದ್ದ. ಡಾಕ್ಟರನ್ನು ಕಂಡರೆ ಪ್ರಯಾಣ ನಿಲ್ಲುತ್ತದೆಂದು ಹೋಗಿರಲಿಲ್ಲ. ಭಾನುವಾರ ಹುಲುಗೇಶ ಅವನನ್ನು ಹೊಳೆಯಿಂದ ಕ್ವಾರಿ ಹೊಂಡದ ತಣ್ಣೀರು ತೋರಿಸುವೆನೆಂದು ತನ್ನ ಬೈಕಿನಲ್ಲಿ ಕರೆದೊಯ್ದು, ಫೋನ್ ಕಿತ್ತುಕೊಂಡು ಕೂಡಿಹಾಕಿ, ಮರಳಿ ಬಂದು ಹಲಗೆಯನ್ನು ನೀರಿಗೆ ಬಿಟ್ಟಿದ್ದ. ಬುಧವಾರ ಕಳೆದರೆ ಸಾಕಿತ್ತು ಅವನಿಗೆ.

"ಒಬ್ಬನೇ ಬಿದ್ದಾಗ ಸತ್ತಿದ್ರ?" ಚನ್ನಬಸವರಾಜ ಕೇಳಿದ.

"ಅದು ತಲಿಗೆ ಹೊಳೀಲೇ ಇಲ್ರಿ. ನೀರಾಗ ಅಷ್ಟ ಬರ್ತೈತಿ ಅನ್ಕಂಡಿದ್ದೆ."

"ನಿನಗೂ ವೀಸಾ ಸಿಕ್ಕಿದ್ರ ಕೂಡಿಹಾಕ್ತಿದ್ದಿಯೇನು?"



"ಇಲ್ರಿ," ಎಂದ ಹುಲುಗೇಶ. "ಜೋಡಿ ಹೋಗ್ತಿದ್ದೆ. ಬಿದ್ರ ನಾ ಎತ್ತತೀನಿ ಅಂತ ಹೋಗ್ತಿದ್ದೆ."

ಚನ್ನಬಸವರಾಜ ಅದನ್ನೂ ಬರೆಸಿದ. ಗೆಳೆಯನ ಜೀವದ ಭಯವೆಷ್ಟು, ತನ್ನನ್ನು ಬಿಟ್ಟು ಹೊರಟನೆಂಬ ಉರಿಯೆಷ್ಟು ಎಂದು ತೂಗುವುದು ಅವನ ಕೈಲಾಗಲಿಲ್ಲ. ಹುಲುಗೇಶನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಬಂಧನದ ಕಾಗದ ಮುಂದಿಟ್ಟಾಗ ಅವನು ಕೇಳಿದ: "ಸುಶಿಗೆ ಎಚ್ಚರ ಆತೇನ್ರಿ?"

"ಆಗೈತಿ. ಬುಧವಾರ ಹೊಂಟೇ ಹೊಂಟೀನಿ ಅಂತ ಹೇಣ್ತಿ ಜೋಡಿ ಜಗಳ ತಗದಾನ."

"ಪಾಸ್‌ಪೋರ್ಟ್ ಯಾರ ಹತ್ರ ಐತ್ರಿ?"

"ಆಕಿ ಹತ್ರ. ಕೊಡಂಗಿಲ್ಲ ಅಂದಾಳ."

ಹುಲುಗೇಶ ಪೆನ್ನು ತೆಗೆದುಕೊಂಡು ಸಹಿ ಹಾಕಿದ.