ಚೀಟಿಯಲ್ಲಿ ಇಲ್ಲದ ಮಾತು

ಮಂಗಳವಾರ ಮಧ್ಯಾಹ್ನ, ಪುಸ್ತಕ ಹೊಲಿಯುವ ಕೋಣೆಯಲ್ಲಿ, ಅವನ ಪಕ್ಕದಿಂದಲೇ ಒಂದು ಮಾತು ಕೇಳಿಸಿತು: "ನಿಮ್ಮನ್ನ ಕಂಡ್ರೆ ನಂಗೆ ತುಂಬ ಇಷ್ಟ."

ಬೇರೆ ಗಂಡಸಾಗಿದ್ದರೆ ಕುಣಿದಾಡುತ್ತಿದ್ದ. ಇವನು ಅನುಮಾನಕ್ಕೆ ಬಿದ್ದ. ಹನ್ನೊಂದು ವರ್ಷದಿಂದ ಇವನ ಕಿವಿಯೊಳಗೆ ಒಬ್ಬಳು ಮನೆ ಮಾಡಿಕೊಂಡಿದ್ದಳು. ಮಾತ್ರೆ ನುಂಗಿದರೆ ದನಿ ತಗ್ಗಿಸುತ್ತಿದ್ದಳೇ ಹೊರತು ಮನೆ ಬಿಡುತ್ತಿರಲಿಲ್ಲ. ಮುದ್ದಾಗಿ ಮಾತಾಡಿ, ಇವನು ನಂಬಿದ ಕೂಡಲೇ ನಗುವುದು ಒಳಗಿನವಳ ಚಾಳಿ. ಈ ಮಾತೂ ಅವಳದೋ, ಅಥವಾ ಪಕ್ಕದಲ್ಲಿ ಕೂತ, 'ಚೀಟಿ' ಎಂಬ ಅಡ್ಡಹೆಸರಿನ ಹುಡುಗಿಯದೋ? ತಿರುಗಿ ನೋಡಿದರೆ ಚೀಟಿ ತುಟಿಯಲ್ಲಿ ದಾರ ಕಚ್ಚಿಕೊಂಡು ಸೂಜಿಯ ಕಣ್ಣನ್ನೇ ದಿಟ್ಟಿಸುತ್ತಿದ್ದಳು.

ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಳ್ಳುವವರಿಗೆ ಕೆಲಸ ಕಲಿಸಿ, ಗಮನ ಮತ್ತು ನೆನಪನ್ನು ಪಳಗಿಸುವ ಕೇಂದ್ರ ಅದು. ಚೀಟಿಗೆ ಕೇಳಿಸುತ್ತಿದ್ದ ದನಿಗಳೇನೋ ಹೋಗಿದ್ದವು, ಆದರೆ ಕಾಯಿಲೆ ಅವಳ ನೆನಪನ್ನು ಜರಡಿ ಮಾಡಿಟ್ಟಿತ್ತು. ಎಲ್ಲವನ್ನೂ ಚೀಟಿಯಲ್ಲಿ ಬರೆದು ಜೇಬಿಗೆ ಹಾಕುವುದು ಅವಳ ಪಾಠ. ಇವನ ಪಾಠ ಬೇರೆ: ಕೇಳಿಸಿದ್ದರ ಬಗ್ಗೆ ಅನುಮಾನ ಬಂದರೆ ಒಳಗೇ ಕೊರಗದೆ, ಎದುರಿಗಿರುವವರನ್ನು ಕೇಳಿ ಖಚಿತ ಮಾಡಿಕೊಳ್ಳುವುದು. ತರಬೇತಿಯ ಅಕ್ಕ ಇದನ್ನು ನಾಟಕದ ಹಾಗೆ ಆಡಿಸಿ ಕಲಿಸಿದ್ದಳು. ಅಂಗಡಿಯವನನ್ನು, ಬಸ್ಸಿನ ಕಂಡಕ್ಟರನ್ನು ಕೇಳುವುದು ಅವನಿಗೆ ಚೆನ್ನಾಗಿಯೇ ಬಂದಿತ್ತು. ಇದನ್ನು ಯಾವ ಬಾಯಲ್ಲಿ ಕೇಳುವುದು?

ಮೂರು ದಿನ ಕೇಳಲಿಲ್ಲ. ಶುಕ್ರವಾರ ಕೇಂದ್ರದಲ್ಲಿ ಅವನ ಕೊನೆಯ ದಿನ. ಸೋಮವಾರದಿಂದ ಊರಿನ ಇನ್ನೊಂದು ತುದಿಯ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ. ಈಗ ಕೇಳದೆ ಹೋದರೆ ಆ ಮಾತು ಜೀವನಪೂರ್ತಿ ಒಳಗಿನವಳ ಪಾಲಾಗುತ್ತಿತ್ತು.

"ಏನ್ ಸಾಹೇಬ್ರೆ, ಹೊಲಿಗೆ ಬಿಟ್ಟು ನನ್ನ ಮುಖ ನೋಡ್ತಿದ್ದೀರಿ?" ಕಣ್ಣಂಚಿನಲ್ಲೇ ನಗುತ್ತ ಕೇಳಿದಳು ಚೀಟಿ. "ಅಂಟು ಮೆತ್ತಿದ್ಯಾ?"

"ಮೆತ್ತಿದೆ. ಅದಕ್ಕಲ್ಲ." ಅವನು ಸೂಜಿ ಕೆಳಗಿಟ್ಟ. "ಮಂಗಳವಾರ ನೀವು ನಂಗೇನಾದ್ರೂ ಹೇಳಿದ್ರಾ? ನನ್ನ ಕಂಡ್ರೆ ಇಷ್ಟ ಅಂತ?"

ಅವಳ ಮುಖದ ನಗು ಇಳಿಯಿತು. ಜೇಬಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಮಂಗಳವಾರದ್ದನ್ನು ಹುಡುಕಿ, ಬೆರಳಿಟ್ಟು ಓದಿದಳು. ದಾರ ತರಬೇಕು. ಅಮ್ಮನಿಗೆ ಫೋನು. ಮಾತ್ರೆ ಆಯಿತು. ಅಷ್ಟೇ ಇತ್ತು.

"ನೋಡಿದ್ಯಾ, ನಾನೇ ಹೇಳಿದ್ದು," ಎಂದು ಒಳಗಿನವಳು ನಕ್ಕಳು.

"ಬರೆದಿಲ್ಲ," ಎಂದಳು ಚೀಟಿ. "ಹೇಳಿದ ನೆನಪೂ ಇಲ್ಲ."

"ಹೋಗ್ಲಿ ಬಿಡಿ. ನಂದೇ ತಪ್ಪು." ಅವನು ಎದ್ದು ಚೀಲ ಹೆಗಲಿಗೇರಿಸಿಕೊಂಡ. ಹನ್ನೊಂದು ವರ್ಷದಲ್ಲಿ ಇಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

"ನಿಲ್ಲಿ. ಮರೆತುಹೋಗೋದನ್ನ ತಾನೇ ನಾನು ಬರೆಯೋದು? ದಿನಾ ಮನಸ್ಸಲ್ಲಿರೋದನ್ನ ಯಾಕೆ ಬರೀಲಿ?" ಅವಳು ಚೀಟಿಗಳನ್ನು ಪಕ್ಕಕ್ಕೆ ಸರಿಸಿದಳು. "ಹೇಳಿದ್ನೋ ಇಲ್ವೋ ಗೊತ್ತಿಲ್ಲ. ಇಷ್ಟ ಇರೋದಂತೂ ಗೊತ್ತು. ನನ್ನ ಬಾಯನ್ನೇ ನೋಡ್ತಾ ಕೇಳಿಸ್ಕೊಳ್ಳಿ. ನಿಮ್ಮನ್ನ ಕಂಡ್ರೆ ನಂಗೆ ತುಂಬ ಇಷ್ಟ."

ಅವನು ರೆಪ್ಪೆ ಬಡಿಯದೆ ಆ ತುಟಿಗಳನ್ನು ನೋಡಿದ. ಒಳಗಿನವಳು 'ಸುಳ್ಳು, ಸುಳ್ಳು' ಎಂದು ಒದರುತ್ತಲೇ ಇದ್ದಳು. ಅವನಿಗೆ ಅಳು ಬಂತು, ಮುಚ್ಚಿಡಲು ಹೋಗಲಿಲ್ಲ.

"ನಂಗೂ ಇಷ್ಟ. ಆದ್ರೆ ಒಳಗಿರೋಳು ಸುಮ್ನಿರಲ್ಲ. ನಾಳೆ ಬೆಳಿಗ್ಗೆ, ನೀವು ಹೇಳೇ ಇಲ್ಲ ಅಂತಾಳೆ."

"ನಾಳೆ ನಂಗೂ ಹೇಳಿದ್ದು ನೆನಪಿರಲ್ಲ," ಎಂದಳು ಚೀಟಿ. ಅವನ ಹೆಗಲಿನ ಚೀಲ ಇಳಿಸಿ ಮೇಜಿನ ಮೇಲಿಟ್ಟಳು. "ಕೆಲಸ ಮುಗಿಸ್ಕೊಂಡು ದಿನಾ ಬಂದು ಕೇಳಿ. ದಿನಾ ಹೊಸದಾಗಿ ಹೇಳ್ತೀನಿ."